ಮುಯ್ಯಿಯ ಭಾಷೆ: ವಿದೇಶಿ ಅಧಿಕಾರಿಗಳಿಗೆ ಇಂಗ್ಲಿಷ್ ಕಲಿಸುವ ಸರ್ಕಾರಿ ವಿದ್ಯಾರ್ಥಿವೇತನಗಳ ಚರಿತ್ರೆ

ಒಂದು ಸರ್ಕಾರವು ತನ್ನ ಬೊಕ್ಕಸದ ಹಣದಿಂದ ಬೇರೊಂದು ದೇಶದ ಅಧಿಕಾರಿಗಳನ್ನು ಕರೆಸಿಕೊಂಡು, ಅವರಿಗೆ ಊಟ ವಸತಿಗಳನ್ನು ಒದಗಿಸಿ, ಇಂಗ್ಲಿಷ್ ಕಲಿಸಿ ಹಿಂದಕ್ಕೆ ಕಳುಹಿಸುವ ಪದ್ಧತಿ ಇಂದು ಜಗತ್ತಿನ ಹಲವು ಕಡೆ ರೂಢಿಯಲ್ಲಿದೆ. ಭಾರತವೂ ಇಂತಹ ದಾನಿ ದೇಶಗಳಲ್ಲಿ ಒಂದು. ಲಾವೋಸ್, ವಿಯೆಟ್ನಾಂ, ಮಂಗೋಲಿಯಾ, ಮಧ್ಯ ಏಷ್ಯಾ ಮತ್ತು ಆಫ್ರಿಕಾದ ಸರ್ಕಾರಿ ನೌಕರರು ಹೈದರಾಬಾದಿನ ತರಗತಿಗಳಲ್ಲಿ ಕುಳಿತು ಭಾರತ ಸರ್ಕಾರದ ಖರ್ಚಿನಲ್ಲಿ ಇಂಗ್ಲಿಷ್ ಕಲಿತಿದ್ದಾರೆ. ಇಂಗ್ಲಿಷನ್ನು ಆಳುವವರ ಭಾಷೆಯಾಗಿ ಪಡೆದ ನಾಡೊಂದು ಅದೇ ಭಾಷೆಯನ್ನು ಸ್ನೇಹದ ಕಾಣಿಕೆಯಾಗಿ ಹಂಚುತ್ತಿರುವ ಈ ಸಂಗತಿಯನ್ನು ರಾಜತಾಂತ್ರಿಕ ಅಧ್ಯಯನಗಳು ಅಂಕಿಅಂಶಗಳ ನೆಲೆಯಲ್ಲಿ ನೋಡುತ್ತವೆ. ಜಾನಪದ ಅಧ್ಯಯನಕ್ಕೆ ಇದರಲ್ಲಿ ಬೇರೊಂದು ಪ್ರಶ್ನೆ ಇದೆ. ಯಾರ ಹಣದಲ್ಲಿ, ಯಾರು, ಯಾರ ಭಾಷೆಯನ್ನು ಕಲಿಯುತ್ತಾರೆ? ಕಲಿತವರು ಆ ಭಾಷೆಯನ್ನು ಏನಕ್ಕೆ ಬಳಸುತ್ತಾರೆ? ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಎರಡು ಶತಮಾನಗಳ ಹಿನ್ನೆಲೆಯಲ್ಲಿಟ್ಟು ನೋಡುವ ಪ್ರಯತ್ನವಾಗಿದೆ.

1. ದಾನವೋ ಮುಯ್ಯಿಯೋ

ನಮ್ಮ ಹಳ್ಳಿಗಳ ಮದುವೆಗಳಲ್ಲಿ ಮುಯ್ಯಿ ಓದಿಸುವ ಪದ್ಧತಿ ಇದೆ. ಬಂದ ನೆಂಟರು ಕೊಟ್ಟ ಹಣ, ಬಟ್ಟೆ, ಪಾತ್ರೆಗಳನ್ನು ಒಬ್ಬರು ಕೂಗಿ ಹೇಳಿದರೆ ಇನ್ನೊಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯವಾದಾಗ ಆ ಪುಸ್ತಕ ಮತ್ತೆ ತೆರೆಯುತ್ತದೆ. ಹೊಲದ ಕೆಲಸದಲ್ಲಿ ಮುಯ್ಯಾಳು ಎಂಬ ಏರ್ಪಾಡಿರುವುದೂ ಇದೇ ನ್ಯಾಯದ ಮೇಲೆ. ಇಂದು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ ಬರಬೇಕು. ದಾನಕ್ಕೆ ಲೆಕ್ಕವಿಲ್ಲ, ಮುಯ್ಯಿಗೆ ಲೆಕ್ಕವುಂಟು. ಅದೇ ಮುಯ್ಯಿ ಎಂಬ ಮಾತು ಸೇಡು ಎಂಬ ಅರ್ಥವನ್ನೂ ಕನ್ನಡದಲ್ಲಿ ಪಡೆದಿದೆ ಎಂಬುದು ಗಮನಾರ್ಹ. ಕೊಟ್ಟದ್ದು ಒಳಿತಾಗಲಿ ಕೆಡುಕಾಗಲಿ, ಹಿಂದಿರುಗಿಸಲೇಬೇಕೆಂಬ ಲೋಕನಿಯಮವನ್ನು ಈ ಒಂದು ಪದ ಹಿಡಿದಿಟ್ಟಿದೆ. ಸರ್ಕಾರಗಳು ಪರಸ್ಪರ ನೀಡುವ ವಿದ್ಯಾರ್ಥಿವೇತನಗಳನ್ನು ಅರ್ಥಮಾಡಿಕೊಳ್ಳಲು ದಾನಕ್ಕಿಂತ ಮುಯ್ಯಿಯ ಪರಿಕಲ್ಪನೆಯೇ ಹೆಚ್ಚು ಸೂಕ್ತವೆಂದು ನನಗೆ ತೋರುತ್ತದೆ.

2. ಅಧಿಕಾರಿಯೇ ಶಿಷ್ಯನಾಗಿದ್ದ ಕಾಲ

ಸರ್ಕಾರಿ ವೆಚ್ಚದಲ್ಲಿ ಅಧಿಕಾರಿಗಳಿಗೆ ಭಾಷೆ ಕಲಿಸುವ ಕ್ರಮ ಭಾರತದಲ್ಲಿ ವ್ಯವಸ್ಥಿತವಾಗಿ ಆರಂಭವಾದಾಗ ಅದರ ದಿಕ್ಕು ಇಂದಿನದಕ್ಕೆ ವಿರುದ್ಧವಾಗಿತ್ತು. 1800ರಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜು, 1806ರಲ್ಲಿ ಇಂಗ್ಲೆಂಡಿನ ಈಸ್ಟ್ ಇಂಡಿಯಾ ಕಾಲೇಜು, 1812ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಸ್ಥಾಪನೆಯಾದವು. ಇಲ್ಲಿ ವಿದ್ಯಾರ್ಥಿಗಳಾಗಿದ್ದವರು ಆಂಗ್ಲ ತರುಣ ಅಧಿಕಾರಿಗಳು; ಕಲಿಸುತ್ತಿದ್ದವರು ನಮ್ಮ ಪಂಡಿತರು ಮತ್ತು ಮುನ್ಷಿಗಳು. ಆಳಬೇಕಾದರೆ ಆಳಿಸಿಕೊಳ್ಳುವವರ ನುಡಿ ತಿಳಿದಿರಬೇಕೆಂಬುದು ಕಂಪನಿಯ ಲೆಕ್ಕಾಚಾರವಾಗಿತ್ತು. ಭಾಷಾ ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ಬಹುಮಾನ ಮತ್ತು ಬಡ್ತಿಯ ಆಕರ್ಷಣೆಯೂ ಇತ್ತು. ಮದರಾಸಿನ ಈ ವಾತಾವರಣದಲ್ಲೇ ಜಾನ್ ಮೆಕೆರೆಲ್ ಎಂಬ ಸಿವಿಲ್ ಅಧಿಕಾರಿಯ ಕನ್ನಡ ವ್ಯಾಕರಣ 1820ರಲ್ಲಿ ಪ್ರಕಟವಾಯಿತು.

ಈ ಕಲಿಕೆಯ ಉದ್ದೇಶ ಆಡಳಿತವೇ ಆಗಿದ್ದರೂ ಅದರ ಫಲ ಆಡಳಿತಕ್ಕಷ್ಟೇ ಸೀಮಿತವಾಗಲಿಲ್ಲ. ಇದಕ್ಕೆ ಜಾನಪದ ವಿದ್ವಾಂಸರೆಲ್ಲರೂ ಬಲ್ಲ ನಿದರ್ಶನ ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಮುಂಬಯಿ ಪ್ರಾಂತ್ಯದ ಸಿವಿಲ್ ಸೇವೆಗೆ ಬಂದ ಈತ ಉತ್ತರ ಕರ್ನಾಟಕದ ಪ್ರದೇಶಗಳಲ್ಲಿ ಕೆಲಸ ಮಾಡಿ, ಕನ್ನಡ ಶಾಸನಗಳನ್ನು ಸಂಪಾದಿಸಿದ್ದಲ್ಲದೆ ಲಾವಣಿಗಳನ್ನೂ ಸಂಗ್ರಹಿಸಿದ. 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅವು ಇಂಗ್ಲಿಷ್ ಅನುವಾದದೊಡನೆ ಪ್ರಕಟವಾದವು. ಸಂಗೊಳ್ಳಿ ರಾಯಣ್ಣನನ್ನೂ ಹಲಗಲಿಯ ಬೇಡರನ್ನೂ ಕುರಿತ ಹಾಡುಗಳು ಅವುಗಳಲ್ಲಿದ್ದವು. 1857ರ ನಿಶ್ಶಸ್ತ್ರೀಕರಣ ಕಾಯಿದೆಗೆ ತಲೆಬಾಗದೆ ನಿಂತ ಹಲಗಲಿಯನ್ನು ಹೊಸಕಿ ಹಾಕಿದ್ದು ಯಾವ ಸರ್ಕಾರವೋ ಅದೇ ಸರ್ಕಾರದ ಅಧಿಕಾರಿ ಆ ಊರಿನ ಹಾಡನ್ನು ಉಳಿಸಿದ. ಇದನ್ನು ಔದಾರ್ಯವೆಂದು ಕೊಂಡಾಡಬೇಕಾಗಿಲ್ಲ. ವಸಾಹತುಶಾಹಿ ಜ್ಞಾನಸಂಗ್ರಹದ ಭಾಗವೆಂದು ತಳ್ಳಿಹಾಕುವುದೂ ಸರಿಯಲ್ಲ. ಅಧಿಕಾರಿಯೊಬ್ಬ ಜನರ ಭಾಷೆಯನ್ನು ಕಲಿತಾಗ, ತನ್ನ ಸರ್ಕಾರದ ವಿರುದ್ಧದ ಹಾಡೂ ಅವನ ಕಿವಿಗೆ ಬೀಳುತ್ತದೆ ಎಂಬುದಷ್ಟೇ ಇಲ್ಲಿ ಮುಖ್ಯ.

ಆದರೆ ಅಷ್ಟರಲ್ಲಾಗಲೇ ಪ್ರವಾಹದ ದಿಕ್ಕು ತಿರುಗಿತ್ತು. 1835ರ ಮೆಕಾಲೆಯ ಟಿಪ್ಪಣಿಯ ನಂತರ ಸರ್ಕಾರದ ಶಿಕ್ಷಣದ ಹಣ ಇಂಗ್ಲಿಷಿನ ಕಡೆಗೆ ಹರಿಯಿತು. 1837ರಲ್ಲಿ ಪಾರಸಿ ತನ್ನ ಅಧಿಕೃತ ಸ್ಥಾನವನ್ನು ಕಳೆದುಕೊಂಡಿತು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಸರ್ಕಾರಿ ನೌಕರಿಗಳಲ್ಲಿ ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಆದ್ಯತೆ ಎಂದು ಸಾರಿದ. ಅಲ್ಲಿಂದ ಮುಂದೆ ಭಾಷೆ ಕಲಿಯುವ ಹೊರೆ ಆಳುವವನ ಹೆಗಲಿನಿಂದ ಆಳಿಸಿಕೊಳ್ಳುವವನ ಹೆಗಲಿಗೆ ಬಹುಮಟ್ಟಿಗೆ ವರ್ಗವಾಯಿತು.

3. ಕೊಲಂಬೊ ಯೋಜನೆಯಿಂದ ಐಟೆಕ್‌ವರೆಗೆ

ಎರಡನೆಯ ಮಹಾಯುದ್ಧದ ನಂತರ ವಸಾಹತುಗಳು ಸ್ವತಂತ್ರವಾದವು. ಇಂಗ್ಲಿಷ್ ಮಾತ್ರ ಹೊಸ ಹೆಸರಿನಲ್ಲಿ ಉಳಿಯಿತು. ಅದೀಗ ತಾಂತ್ರಿಕ ಸಹಕಾರದ ಭಾಷೆ. 1950ರ ಜನವರಿಯಲ್ಲಿ ಕೊಲಂಬೊದಲ್ಲಿ ಸೇರಿದ ಕಾಮನ್‌ವೆಲ್ತ್ ವಿದೇಶಾಂಗ ಸಚಿವರ ಸಭೆಯಲ್ಲಿ ಮೊಳೆತು 1951ರಲ್ಲಿ ಜಾರಿಗೆ ಬಂದ ಕೊಲಂಬೊ ಯೋಜನೆಯು ಏಷ್ಯಾದ ಅಧಿಕಾರಿಗಳಿಗೆ ಹೊರದೇಶಗಳಲ್ಲಿ ತರಬೇತಿ ಪಡೆಯುವ ಬಾಗಿಲು ತೆರೆಯಿತು. ಈ ಯೋಜನೆಯಲ್ಲಿ ಭಾರತ ಪಡೆಯುವ ದೇಶವೂ ಆಗಿತ್ತು, ಕೊಡುವ ದೇಶವೂ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ.

1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಬ್ರಿಟಿಷ್ ಕೌನ್ಸಿಲ್ ಮತ್ತು ಫೋರ್ಡ್ ಪ್ರತಿಷ್ಠಾನಗಳ ನೆರವು ಇದಕ್ಕೆ ದೊರೆತಿತ್ತು. ನಮ್ಮ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ಕ್ರಮವನ್ನು ಕಲಿಸುವುದು ಇದರ ಮೊದಲ ಗುರಿ. ಅದೇ ಗುರಿಯಿಂದ 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಆರಂಭವಾಯಿತು. ಹೈದರಾಬಾದಿನ ಸಂಸ್ಥೆ 1972ರಲ್ಲಿ ಇತರ ವಿದೇಶಿ ಭಾಷೆಗಳನ್ನೂ ತನ್ನ ಹೆಸರಿಗೆ ಸೇರಿಸಿಕೊಂಡು, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯವಾಯಿತು.

1964ರ ಸೆಪ್ಟೆಂಬರ್ 15ರಂದು ಭಾರತ ಸರ್ಕಾರವು ಭಾರತೀಯ ತಾಂತ್ರಿಕ ಮತ್ತು ಆರ್ಥಿಕ ಸಹಕಾರ ಕಾರ್ಯಕ್ರಮವನ್ನು, ಅಂದರೆ ಐಟೆಕ್ ಯೋಜನೆಯನ್ನು ಆರಂಭಿಸಿತು. ನೆಹರೂ ತೀರಿಕೊಂಡು ನಾಲ್ಕು ತಿಂಗಳೂ ಕಳೆದಿರಲಿಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಪ್ರಧಾನಿಯಾಗಿದ್ದರು. ಚೀನಾ ಯುದ್ಧದ ಸೋಲಿನ ನೆನಪು ಹಸಿಯಾಗಿತ್ತು. ನಾಡಿನಲ್ಲಿ ಆಹಾರದ ಅಭಾವವಿತ್ತು. ಅಂತಹ ದಿನಗಳಲ್ಲಿ ಬಡ ದೇಶವೊಂದು ಇತರ ಬಡ ದೇಶಗಳಿಗೆ ತನ್ನಲ್ಲಿದ್ದ ತಿಳಿವಳಿಕೆಯನ್ನು ಹಂಚಲು ಮುಂದಾಯಿತು. ಕೃಷಿ, ಲೆಕ್ಕಪರಿಶೋಧನೆ, ಸಣ್ಣ ಕೈಗಾರಿಕೆ, ಗಣಕ ಮುಂತಾದ ವಿಷಯಗಳ ಜೊತೆಗೆ ಇಂಗ್ಲಿಷ್ ಭಾಷೆಯೂ ಈ ಹಂಚಿಕೆಯಲ್ಲಿ ಸೇರಿತು. ವಿದೇಶಾಂಗ ಮಂತ್ರಾಲಯ ನಡೆಸುವ ಈ ಯೋಜನೆಯಡಿ ಅಭ್ಯರ್ಥಿಯನ್ನು ಅವನ ಸರ್ಕಾರವೇ ನಾಮಕರಣ ಮಾಡುತ್ತದೆ. ವಿಮಾನದ ಪ್ರಯಾಣ, ಬೋಧನಾ ಶುಲ್ಕ, ವಸತಿ, ಜೀವನಭತ್ಯೆ ಇವೆಲ್ಲವನ್ನೂ ಭಾರತ ಭರಿಸುತ್ತದೆ. ಸುಮಾರು 160 ದೇಶಗಳಿಗೆ ಇದು ವ್ಯಾಪಿಸಿದೆ. 2020ರ ಕೊರೊನಾ ಪಿಡುಗಿನ ನಂತರ ಅಂತರಜಾಲದ ಮೂಲಕವೂ ತರಗತಿಗಳು ನಡೆದಿವೆ.

4. ಏಕೆ ಇಂಗ್ಲಿಷ್?

ಸ್ವಂತ ಲಿಪಿ, ಸ್ವಂತ ಸಾಹಿತ್ಯ, ಸ್ವಂತ ಆಡಳಿತ ಭಾಷೆ ಇರುವ ದೇಶಗಳ ಅಧಿಕಾರಿಗಳಿಗೆ ಇಂಗ್ಲಿಷ್ ಏಕೆ ಬೇಕಾಯಿತು? ಆಗ್ನೇಯ ಏಷ್ಯಾದ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳು ಫ್ರೆಂಚರ ಆಳ್ವಿಕೆಗೆ ಒಳಪಟ್ಟಿದ್ದ ನಾಡುಗಳು. ಅಲ್ಲಿನ ಹಳೆಯ ತಲೆಮಾರಿನ ಅಧಿಕಾರಿಗಳಿಗೆ ಫ್ರೆಂಚ್, ನಂತರದ ಹಲವರಿಗೆ ರಷ್ಯನ್ ಗೊತ್ತಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯಿತು. 1995ರಲ್ಲಿ ವಿಯೆಟ್ನಾಂ, 1997ರಲ್ಲಿ ಲಾವೋಸ್ ಮತ್ತು ಮ್ಯಾನ್ಮಾರ್, 1999ರಲ್ಲಿ ಕಾಂಬೋಡಿಯಾ ಆಸಿಯಾನ್ ಒಕ್ಕೂಟಕ್ಕೆ ಸೇರಿದವು. ಆ ಒಕ್ಕೂಟದ ಮಾತುಕತೆ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. 2007ರಲ್ಲಿ ಸಹಿಯಾದ ಸನ್ನದಿನ 34ನೆಯ ವಿಧಿ ಅದನ್ನು ಲಿಖಿತ ನಿಯಮವಾಗಿಸಿತು. ಸುಂಕದ ದರ, ನದಿಯ ನೀರು, ಮೀನುಗಾರಿಕೆಯ ಗಡಿ ಇವುಗಳನ್ನು ಕುರಿತ ಒಪ್ಪಂದದಲ್ಲಿ ಒಂದು ಪದ ಆಚೀಚೆಯಾದರೂ ನಷ್ಟ ಅನುಭವಿಸುವವರು ಊರಿನ ರೈತರು, ಬೆಸ್ತರು. ಆ ಮೇಜಿನ ಮುಂದೆ ಕೂರುವ ಅಧಿಕಾರಿಗೆ ಇಂಗ್ಲಿಷ್ ಒಂದು ಅಲಂಕಾರವಲ್ಲ, ಆತ್ಮರಕ್ಷಣೆಯ ಸಾಧನ.

ಈ ಅಗತ್ಯವನ್ನು ಹಲವು ದೇಶಗಳು ಗುರುತಿಸಿದವು. 1968ರಲ್ಲೇ ಸಿಂಗಪುರದಲ್ಲಿ ಆಗ್ನೇಯ ಏಷ್ಯಾದ ಶಿಕ್ಷಣ ಸಚಿವರ ಸಂಘಟನೆಯ ಪ್ರಾದೇಶಿಕ ಇಂಗ್ಲಿಷ್ ಕೇಂದ್ರ ಆರಂಭವಾಗಿತ್ತು. 1990ರ ದಶಕದಲ್ಲಿ ನ್ಯೂಜಿಲೆಂಡ್ ಸರ್ಕಾರವು ವಿಶೇಷವಾಗಿ ಅಧಿಕಾರಿಗಳಿಗೆಂದೇ ಇಂಗ್ಲಿಷ್ ತರಬೇತಿಯ ವಿದ್ಯಾರ್ಥಿವೇತನವನ್ನು ರೂಪಿಸಿ, ಬಂದವರನ್ನು ಅಲ್ಲಿನ ಕುಟುಂಬಗಳ ಮನೆಗಳಲ್ಲಿ ಇರಿಸಿ ಕಲಿಸುವ ಕ್ರಮವನ್ನು ಅನುಸರಿಸಿತು. ಭಾರತವು 2000ದ ನವೆಂಬರಿನಲ್ಲಿ ಲಾವೋಸಿನ ವಿಯೆಂಟಿಯಾನ್‌ನಲ್ಲಿ ಆರಂಭವಾದ ಮೆಕಾಂಗ್–ಗಂಗಾ ಸಹಕಾರದಲ್ಲಿ ಪಾಲ್ಗೊಂಡಿತಲ್ಲದೆ, ಹೈದರಾಬಾದಿನ ಸಂಸ್ಥೆಯ ನೆರವಿನಿಂದ ಈ ದೇಶಗಳಲ್ಲೇ ಇಂಗ್ಲಿಷ್ ತರಬೇತಿ ಕೇಂದ್ರಗಳನ್ನು ತೆರೆಯಲು ಮುಂದಾಯಿತು.

ಪೂರ್ವ ತಿಮೋರಿನ ಪ್ರಸಂಗ ಇನ್ನೂ ಸೂಕ್ಷ್ಮವಾದುದು. 2002ರಲ್ಲಿ ಸ್ವತಂತ್ರವಾದ ಆ ಪುಟ್ಟ ದೇಶದ ಸಂವಿಧಾನವು ಜನರ ತೆತುಂ ಭಾಷೆಯನ್ನೂ ಹಳೆಯ ಒಡೆಯರ ಪೋರ್ಚುಗೀಸನ್ನೂ ಅಧಿಕೃತ ಭಾಷೆಗಳೆಂದು ಒಪ್ಪಿಕೊಂಡು, ಇಂಡೋನೇಷ್ಯನ್ ಮತ್ತು ಇಂಗ್ಲಿಷನ್ನು ಅಗತ್ಯವಿರುವವರೆಗೆ ಬಳಸಬಹುದಾದ ಕೆಲಸದ ಭಾಷೆಗಳೆಂದು ಕರೆಯಿತು. 2025ರ ಅಕ್ಟೋಬರಿನಲ್ಲಿ ಅದು ಆಸಿಯಾನಿನ 11ನೆಯ ಸದಸ್ಯನಾಯಿತು. ಅಲ್ಲಿನ ಒಬ್ಬ ಅಧಿಕಾರಿ ತಾಯಿಯೊಡನೆ ಒಂದು, ಕಡತದಲ್ಲಿ ಒಂದು, ಒಕ್ಕೂಟದ ಸಭೆಯಲ್ಲಿ ಮತ್ತೊಂದು ಭಾಷೆಯನ್ನು ಆಡಬೇಕಾಗಿದೆ. ಈ ಮೂರರ ನಡುವೆ ಸೇತುವೆ ಕಟ್ಟದಿದ್ದರೆ ಆಡಳಿತವು ಜನರಿಂದ ಬೇರೆಯಾಗುವುದು ಅನಿವಾರ್ಯ.

5. ಮುಯ್ಯಿ ತೀರಿಸುವ ಬಗೆ

ವಿದ್ಯಾರ್ಥಿವೇತನ ಕೊಟ್ಟ ಸರ್ಕಾರಕ್ಕೆ ಸಿಗುವ ಮರುಮುಯ್ಯಿ ಯಾವುದೆಂಬುದು ಗುಟ್ಟೇನಲ್ಲ. ಮುಂದೆ ಉನ್ನತ ಹುದ್ದೆಗೇರುವ ಅಧಿಕಾರಿಯ ಸ್ನೇಹ, ಅಂತರರಾಷ್ಟ್ರೀಯ ಸಭೆಗಳಲ್ಲಿ ಬೆಂಬಲ, ವ್ಯಾಪಾರದ ಅನುಕೂಲ ಇವು ಆ ಲೆಕ್ಕದ ಪುಸ್ತಕದಲ್ಲಿರುತ್ತವೆ. ಇದರಲ್ಲಿ ತಪ್ಪು ಹುಡುಕಬೇಕಾದ ಅಗತ್ಯವಿಲ್ಲ. ಆದರೆ ಪುಸ್ತಕದಲ್ಲಿ ಬರೆಯದ ಇನ್ನೊಂದು ಮುಯ್ಯಿ ಇದೆ. ಕಲಿತ ಅಧಿಕಾರಿ ತನ್ನ ಜನಕ್ಕೆ ತೀರಿಸಬೇಕಾದ ಮುಯ್ಯಿ ಅದು. ಹೊರಗಿನ ಒಪ್ಪಂದವನ್ನು ತನ್ನವರ ನುಡಿಯಲ್ಲಿ ತಿಳಿಯಹೇಳುವುದು, ತನ್ನವರ ಅಳಲನ್ನು ಹೊರಗಿನ ಭಾಷೆಯಲ್ಲಿ ಮಂಡಿಸುವುದು ಈ ಎರಡೂ ನಡೆದಾಗ ಮಾತ್ರ ಲೆಕ್ಕ ಸಮನಾಗುತ್ತದೆ. ಇಂಗ್ಲಿಷ್ ಕಲಿತವನು ಅದನ್ನೇ ಅಂತಸ್ತಿನ ಗುರುತಾಗಿಸಿಕೊಂಡು ಹಳ್ಳಿಯವನ ಅರ್ಜಿಯನ್ನು ಅರ್ಥವಾಗದ ಭಾಷೆಯಲ್ಲಿ ತಿರಸ್ಕರಿಸಿದರೆ ಅದೇ ಮುಯ್ಯಿ ಸೇಡಿನ ಅರ್ಥಕ್ಕೆ ಹೊರಳುತ್ತದೆ.

ಈ ಮಾತು ಕರ್ನಾಟಕಕ್ಕೂ ಅನ್ವಯಿಸುತ್ತದೆ. ನಮ್ಮ ರೈತ ಪಾರಸಿ ಮೂಲದ ತಹಶೀಲ್ದಾರನನ್ನೂ ಜಮಾಬಂದಿಯನ್ನೂ, ಇಂಗ್ಲಿಷ್ ಮೂಲದ ಕಲೆಕ್ಟರನನ್ನೂ ನೋಟೀಸನ್ನೂ ತನ್ನ ಮಾತಿಗೆ ಸೇರಿಸಿಕೊಂಡಿದ್ದಾನೆ. ಸರ್ಕಾರದ ಭಾಷೆ ಬದಲಾದಾಗಲೆಲ್ಲ ಜನರು ಯಾವ ವಿದ್ಯಾರ್ಥಿವೇತನವೂ ಇಲ್ಲದೆ ಅದನ್ನು ಕಲಿತಿದ್ದಾರೆ. ಸರ್ಕಾರ ಮಾತ್ರ ಜನರ ಭಾಷೆಯನ್ನು ಕಲಿಯಲು ತಡಮಾಡಿತು. ರಾಜ್ಯದ ಅಧಿಕೃತ ಭಾಷಾ ಕಾಯಿದೆ ಬಂದದ್ದು 1963ರಲ್ಲಿ. ಅದೇ ವರ್ಷ ಬೆಂಗಳೂರಿನಲ್ಲಿ ಇಂಗ್ಲಿಷ್ ಸಂಸ್ಥೆಯೂ ಹುಟ್ಟಿತೆಂಬುದು ಆಕಸ್ಮಿಕವಿರಬಹುದು. ಎರಡೂ ಅಗತ್ಯಗಳು ಒಟ್ಟಿಗೇ ಇದ್ದವೆಂಬುದಕ್ಕೆ ಅದು ಸಾಕ್ಷಿಯಂತೂ ಹೌದು.

ಈ ಎರಡು ಅಗತ್ಯಗಳನ್ನು ಒಂದೇ ಬಾಳಿನಲ್ಲಿ ಹೊತ್ತವರು ವಿನಾಯಕ ಕೃಷ್ಣ ಗೋಕಾಕರು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿದ ಅವರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯನ್ನು ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿ ಕಟ್ಟಿದರು. ಮುಂದೆ ವಿದೇಶಿ ಅಧಿಕಾರಿಗಳು ಕಲಿಯಲು ಬಂದದ್ದು ಅದೇ ಸಂಸ್ಥೆಗೆ. ಅದೇ ಗೋಕಾಕರ ಅಧ್ಯಕ್ಷತೆಯ ಸಮಿತಿಯು 1981ರಲ್ಲಿ ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಿರಬೇಕೆಂದು ಶಿಫಾರಸು ಮಾಡಿತು. 1982ರಲ್ಲಿ ಆ ವರದಿಯ ಜಾರಿಗಾಗಿ ನಾಡೇ ಬೀದಿಗಿಳಿಯಿತು. ಇಂಗ್ಲಿಷ್ ಕಲಿಸುವ ಸಂಸ್ಥೆಯನ್ನು ನಡೆಸಿದವರ ಹೆಸರು ಕನ್ನಡ ಚಳವಳಿಗೆ ಅಂಟಿದ್ದನ್ನು ಕೆಲವರು ವಿರೋಧಾಭಾಸವೆಂದು ಕಂಡಿರಬಹುದು. ನನಗೆ ಅದು ಮುಯ್ಯಿ ತೀರಿಸಿದ ಕ್ರಮವಾಗಿಯೇ ಕಾಣುತ್ತದೆ. ಹೊರಗಿನ ಭಾಷೆಯ ಬೆಲೆಯನ್ನು ಬಲ್ಲವನಿಗೆ ಮನೆಯ ಭಾಷೆಯ ಬೆಲೆಯೂ ತಿಳಿದಿರಬೇಕು.

ಒಟ್ಟಿನಲ್ಲಿ, ಅಧಿಕಾರಿಗಳಿಗೆ ಭಾಷೆ ಕಲಿಸುವ ಸರ್ಕಾರಿ ಯೋಜನೆಗಳ ಚರಿತ್ರೆಯು ಅಧಿಕಾರದ ಹರಿವಿನ ಚರಿತ್ರೆಯೂ ಆಗಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮುನ್ಷಿಯ ಮುಂದೆ ಆಂಗ್ಲ ಅಧಿಕಾರಿ ಕುಳಿತಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಆ ಮುನ್ಷಿಯ ನಾಡಿನವರು ಲಾವೋಸಿನ ಅಧಿಕಾರಿಗೆ ಆಂಗ್ಲರ ಭಾಷೆಯನ್ನು ಕಲಿಸಿದರು. ಇಂತಹ ಯೋಜನೆಗಳ ಯಶಸ್ಸನ್ನು ಕಲಿತವರ ಸಂಖ್ಯೆಯಿಂದ, ಪ್ರಮಾಣಪತ್ರಗಳಿಂದ ಅಳೆಯುವುದು ವಾಡಿಕೆ. ಅದರ ಜೊತೆಗೆ, ಕಲಿತು ಹಿಂದಿರುಗಿದ ಅಧಿಕಾರಿಯ ಕಚೇರಿಯಲ್ಲಿ ಅವನ ಊರಿನ ಮುದುಕಿಯೊಬ್ಬಳು ತನ್ನ ಮಾತಿನಲ್ಲೇ ಅಹವಾಲು ಹೇಳಿಕೊಂಡು, ತನ್ನ ಮಾತಿನಲ್ಲೇ ಉತ್ತರ ಪಡೆದು ಹೋಗುತ್ತಾಳೆಯೇ ಎಂಬುದನ್ನೂ ಕೇಳಬೇಕಾಗಿದೆ. ಅವಳಿಗೆ ಸಲ್ಲಬೇಕಾದ ಮುಯ್ಯಿ ಯಾವ ಪುಸ್ತಕದಲ್ಲೂ ಬರೆದಿಲ್ಲವಾದ್ದರಿಂದ, ಅದನ್ನು ನೆನಪಿಟ್ಟುಕೊಳ್ಳುವ ಹೊಣೆ ಕಲಿತವನದೇ ಆಗಿದೆ.