ದಾನಚಿಂತಾಮಣಿಯ ಓಲೆಗರಿಗಳು

ದಾನವೆಂದೊಡನೆ ನಮ್ಮ ನೆನಪಿಗೆ ಬರುವುವು ಅನ್ನಸತ್ರ, ಕೆರೆಕಟ್ಟೆ, ಗುಡಿಗೋಪುರಗಳು. ಇವುಗಳನ್ನು ಹಗುರವಾಗಿ ಕಾಣುವ ಉದ್ದೇಶ ನಮ್ಮದಲ್ಲ. ಆದರೆ ಯಾರೂ ಕೈಯೊಡ್ಡಿ ಬೇಡದ ಕೊರತೆಯೊಂದನ್ನು ತಾವಾಗಿ ಕಂಡು, ಅದಕ್ಕೆ ತಕ್ಕಂತೆ ಹಣವನ್ನು ವಿನಿಯೋಗಿಸಿದ ದಾನಿಗಳು ವಿರಳ. ಸಾವಿರ ವರ್ಷಗಳ ಹಿಂದೆ ಚಾಳುಕ್ಯರ ನಾಡಿನಲ್ಲಿ ಬಾಳಿದ ಅತ್ತಿಮಬ್ಬೆ ಅಂಥವಳು.

ಆಕೆಯ ತಂದೆ ಮಲ್ಲಪಯ್ಯನೂ ಆತನ ಸೋದರ ಪುನ್ನಮಯ್ಯನೂ ತಮ್ಮ ಗುರು ಜಿನಚಂದ್ರದೇವರ ಸ್ಮರಣೆಗಾಗಿ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಅತ್ತಿಮಬ್ಬೆಯ ಪತಿ ದಂಡನಾಯಕ ನಾಗದೇವನು ಮಡಿದಾಗ, ಅವನನ್ನೇ ವರಿಸಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಸಂಪತ್ತೂ ದುಃಖವೂ ಆಕೆಯ ಪಾಲಿಗೆ ಒಟ್ಟಿಗೇ ಬಂದುವು.

ಅಚ್ಚುಕೂಟವಿಲ್ಲದ ಆ ದಿನಗಳಲ್ಲಿ ಗ್ರಂಥದ ಆಯುಸ್ಸು ಅದರ ಪ್ರತಿಗಳಷ್ಟೇ. ಓಲೆಯನ್ನು ಹದಮಾಡಬೇಕು, ಕಂಠದಿಂದ ಅಕ್ಷರವನ್ನು ಕೊರೆಯಬೇಕು, ಕಾಡಿಗೆಯನ್ನು ತೀಡಬೇಕು, ದಾರ ಪೋಣಿಸಿ ಹಲಗೆಗಳ ನಡುವೆ ಕಟ್ಟಬೇಕು. ಇಂದಿನ ಪ್ರಕಾಶಕನಿಗೆ ಎರಡನೆಯ ಪ್ರತಿ ಮೊದಲನೆಯದಕ್ಕಿಂತ ಅಗ್ಗ. ಲಿಪಿಕಾರನಿಗೆ ಸಾವಿರನೆಯದೂ ಮೊದಲನೆಯದರಷ್ಟೇ ಶ್ರಮ. ಹೀಗಿರುತ್ತ ಅತ್ತಿಮಬ್ಬೆ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ದುಂಡು ಸಂಖ್ಯೆಯೆಂದು ಶಂಕಿಸುವವರು ನೂರೆಂದೇ ಇಟ್ಟುಕೊಳ್ಳಲಿ, ಆಶ್ಚರ್ಯವೇನೂ ಕುಂದದು.

ಜೈನರು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನವನ್ನು ನಾಲ್ಕು ಬಗೆಯಾಗಿ ಹೇಳುತ್ತಾರೆ. ಕೊನೆಯದಕ್ಕೆ ಜಯಜಯಕಾರ ಕಡಮೆ, ಏಕೆಂದರೆ ಫಲವುಣ್ಣುವವರು ಇನ್ನೂ ಹುಟ್ಟಿಯೇ ಇರುವುದಿಲ್ಲ. ಆಕೆ 1500 ಚಿನ್ನದ ಜಿನಬಿಂಬಗಳನ್ನೂ ಮಾಡಿಸಿಕೊಟ್ಟಳೆನ್ನುತ್ತಾರೆ. ಚಿನ್ನಕ್ಕೆ ಕಳ್ಳನ ಕಣ್ಣು, ಓಲೆಗೆ ಗೆದ್ದಲಿನ ಹಲ್ಲು. ಎರಡನ್ನೂ ಒಂದೇ ಕಡೆ ಕೂಡಿಡದೆ ಹಲವರ ಕೈಗೆ ಸೇರಿಸಿದುದರಲ್ಲಿಯೇ ಆಕೆಯ ವಿವೇಕವಿದೆಯೆಂದು ನಮಗೆ ತೋರುತ್ತದೆ.

ಆಕೆಯ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿ, ಆಕೆಯನ್ನು ದಾನಚಿಂತಾಮಣಿಯೆಂದು ಕೊಂಡಾಡಿದನು. ಆಕೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಬಸದಿಯಲ್ಲಿ 1007ರ ಶಾಸನವಿದೆ. ಗದಗಿಗೆ ಹೋದವರು ಅದನ್ನು ಈಗಲೂ ನೋಡಬಹುದು. ಶಾಂತಿಪುರಾಣವೂ ನಮಗೆ ಉಳಿದು ಬಂದಿದೆ. ಅದು ಆ ಪ್ರತಿಗಳಿಂದಲೇ ಉಳಿಯಿತೆಂದು ಪ್ರಮಾಣಮಾಡಿ ಹೇಳಲಾರೆವು. ಅದೇ ಪೊನ್ನನು ಬರೆದ ಭುವನೈಕರಾಮಾಭ್ಯುದಯವನ್ನು ಹೀಗೆ ಪ್ರತಿಮಾಡಿಸಿದವರ ಸುದ್ದಿ ನಮ್ಮ ಕಿವಿಗೆ ಬಿದ್ದಿಲ್ಲ. ಆ ಕಾವ್ಯ ಇದುವರೆಗೆ ದೊರೆತೂ ಇಲ್ಲ.