ಹಂಗಿಲ್ಲದ ಅನ್ನ: ಲೋಕಧರ್ಮಗಳ ನಿತ್ಯಾಚರಣೆಯಲ್ಲಿ ನೀಡುವವರ ಮತ್ತು ಪಡೆಯುವವರ ಸಂಬಂಧ

1. ಪ್ರಸ್ತಾವನೆ

ಅನ್ನದ ವಿಚಾರ ಬಂದಾಗ ಕನ್ನಡಿಗರು ಎರಡು ಮಾತುಗಳನ್ನು ಬಳಸುತ್ತಾರೆ: ಋಣ ಮತ್ತು ಹಂಗು. ಎರಡೂ ಪಡೆದದ್ದರ ಭಾರವನ್ನೇ ಹೇಳುತ್ತವೆ, ಆದರೆ ಆ ಭಾರದ ಬಗೆ ಬೇರೆ. ಋಣವನ್ನು ಉಂಡವರು ತಾವಾಗಿ ನೆನೆಯುತ್ತಾರೆ. ಹಂಗನ್ನು ಇಕ್ಕಿದವರು ನೆನಪಿಸುತ್ತಾರೆ. ಅನ್ನದ ಋಣ ಮನುಷ್ಯರನ್ನು ಬೆಸೆಯುತ್ತದೆ, ಹಂಗಿನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ ಕೊಡುಗೆಯನ್ನು ಕುರಿತು 1925ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ, ಯಾವ ಕೊಡುಗೆಯೂ ಬರಿಗೈಯಲ್ಲಿ ಬರುವುದಿಲ್ಲ, ಅದು ಮರುಕೊಡುಗೆಯನ್ನು ಬೇಡುತ್ತದೆ ಎಂದು ವಾದಿಸಿದರು. ಹಿಂದಿರುಗಿಸಲಾಗದವರು ಕೊಟ್ಟವರಿಗಿಂತ ಕೆಳಗಾಗುತ್ತಾರೆ ಎಂಬುದನ್ನೂ ಗುರುತಿಸಿದರು. ಅವರು ವಿವರಿಸಿದ ಈ ಸ್ಥಿತಿಗೆ ಕನ್ನಡದ 'ಹಂಗು' ಒಂದೇ ಪದ ಸಾಕು.

ಹಸಿದವರಿಗೆ ಉಣಬಡಿಸಬೇಕೆಂದು ಎಲ್ಲ ಧರ್ಮಗಳೂ ಹೇಳುತ್ತವೆ. ಆ ಸಾಮ್ಯವನ್ನು ಪಟ್ಟಿ ಮಾಡುವುದು ಈ ಲೇಖನದ ಉದ್ದೇಶವಲ್ಲ. ಉಣಬಡಿಸುವಾಗ ಉಣ್ಣುವವರ ಮಾನವನ್ನು ಕಾಯುವುದು ಹೇಗೆ ಎಂಬ ಕಷ್ಟದ ಪ್ರಶ್ನೆಗೆ ಬೇರೆ ಬೇರೆ ಧರ್ಮಗಳು ಕೊಟ್ಟ ಉತ್ತರಗಳನ್ನು ಹೋಲಿಸಿ ನೋಡುವುದು ಇಲ್ಲಿಯ ಪ್ರಯತ್ನ. ಹೊಲ, ಬಾಗಿಲು, ಪಂಕ್ತಿ, ಅಡುಗೆಮನೆಗಳಲ್ಲಿ ನಡೆಯುವ ಆಚರಣೆಗಳೇ ಇದಕ್ಕೆ ಮುಖ್ಯ ಆಕರ. ಧರ್ಮವು ದಿನದಿನದ ಬದುಕಿನಲ್ಲಿ ಮಾಡುವ ಕೆಲಸದ ಬಹುಪಾಲು ಹಂಗನ್ನು ಕಳೆಯುವ ಈ ಸಣ್ಣ ಸಣ್ಣ ಏರ್ಪಾಡುಗಳಲ್ಲಿದೆ ಎಂಬುದು ನನ್ನ ನಿಲುವು.

2. ಹಕ್ಕಾಗಿ ಬರುವ ಅನ್ನ

ಹಂಗನ್ನು ಕಳೆಯುವ ಮೊದಲ ದಾರಿ, ಕೊಟ್ಟದ್ದು ಕೊಟ್ಟವರದೇ ಆಗಿರಲಿಲ್ಲ ಎಂದು ಸಾರುವುದು. ಯಹೂದಿ ಧರ್ಮದ ಲೇವಿಯ ಕಾಂಡವು ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆಗಳನ್ನು ಆಯಬಾರದು, ಅವನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು ಎಂದು ವಿಧಿಸುತ್ತದೆ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಶ್ನಾದಲ್ಲಿ ಈ ವಿಧಿಗೆಂದೇ 'ಪೇಆ' ಎಂಬ ಭಾಗವಿದೆ. ಮೂಲೆಗೆ ಮೇಲಿನ ಮಿತಿ ಇಲ್ಲ, ಆದರೆ ಅದು ಬೆಳೆಯ ಅರವತ್ತರಲ್ಲೊಂದು ಭಾಗಕ್ಕಿಂತ ಕಡಿಮೆ ಇರಬಾರದು. ಹಕ್ಕಲಾಯಲು ಒಬ್ಬ ಬಡವನನ್ನು ಬಿಟ್ಟು ಇನ್ನೊಬ್ಬನನ್ನು ತಡೆದ ಹೊಲದೊಡೆಯ ಬಡವರನ್ನು ದೋಚಿದಂತೆ. ಇಲ್ಲಿ ಬಡವರು ಕೈಯೊಡ್ಡುವುದಿಲ್ಲ. ಹೊಲಕ್ಕೆ ಬಂದು ತಮ್ಮ ಪಾಲನ್ನು ತಾವೇ ಕೈಯಾರೆ ತೆಗೆದುಕೊಳ್ಳುತ್ತಾರೆ. ಮೋವಾಬಿನಿಂದ ಬಂದ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದ ಕಥೆಯ ಹಿಂದಿರುವುದು ಇದೇ ಕಟ್ಟಳೆ.

ಯಹೂದಿಗಳು ದಾನಕ್ಕೆ ಬಳಸುವ 'ತ್ಸೆದಕಾ' ಎಂಬ ಪದದ ಬೇರು ನ್ಯಾಯ ಎಂಬ ಅರ್ಥದ್ದು. ಹನ್ನೆರಡನೆಯ ಶತಮಾನದ ತತ್ತ್ವಜ್ಞಾನಿ ಮೈಮೊನಿದೆಸ್ ಅದಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದರು. ಮೇಲಿನಿಂದ ಎರಡನೆಯದರಲ್ಲಿ ಕೊಟ್ಟವರಿಗೆ ಪಡೆದವರು ಯಾರೆಂದು ತಿಳಿಯದು, ಪಡೆದವರಿಗೆ ಕೊಟ್ಟವರು ಯಾರೆಂದು ತಿಳಿಯದು. ಎಲ್ಲಕ್ಕೂ ಮೇಲಿನದು, ಸಾಲವನ್ನೋ ಕೆಲಸವನ್ನೋ ವ್ಯಾಪಾರದಲ್ಲಿ ಪಾಲನ್ನೋ ಕೊಟ್ಟು ಬೇಡುವ ಸ್ಥಿತಿಯಿಂದಲೇ ಎತ್ತುವುದು. ಹಂಗಿನ ಮನಶ್ಶಾಸ್ತ್ರವನ್ನು ಇಷ್ಟು ಬಿಡಿಸಿ ಬರೆದ ಧರ್ಮಶಾಸ್ತ್ರ ಅಪರೂಪ.

ಇಸ್ಲಾಂ ಇದೇ ತರ್ಕವನ್ನು ಲೆಕ್ಕಕ್ಕೆ ಇಳಿಸಿತು. ನಿಗದಿತ ಮಿತಿಗಿಂತ ಹೆಚ್ಚಿನ ಸಂಪತ್ತು ಒಂದು ಚಾಂದ್ರವರ್ಷ ಕೈಯಲ್ಲಿದ್ದರೆ ಅದರ ನಲವತ್ತರಲ್ಲೊಂದು ಪಾಲು, ಅಂದರೆ ಶೇ. 2.5, ಜಕಾತ್. ಬೆಳೆಗೆ 'ಉಶ್ರ್': ಮಳೆಯಾಶ್ರಿತ ಭೂಮಿಗೆ ಹತ್ತರಲ್ಲೊಂದು, ಶ್ರಮಪಟ್ಟು ನೀರೆತ್ತಿದ ಭೂಮಿಗೆ ಇಪ್ಪತ್ತರಲ್ಲೊಂದು. ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಕುರಾನಿನ ಒಂಬತ್ತನೆಯ ಅಧ್ಯಾಯ ಹೆಸರಿಸುತ್ತದೆ. ಉಳ್ಳವರ ಸಂಪತ್ತಿನಲ್ಲಿ ಬೇಡುವವರಿಗೂ ವಂಚಿತರಿಗೂ ಹಕ್ಕಿದೆ ಎಂಬುದು ಕುರಾನಿನ ನಿಲುವು. ಕೊಟ್ಟದ್ದನ್ನು ಎತ್ತಿ ಆಡಿದರೆ, ಪಡೆದವರ ಮನಸ್ಸನ್ನು ನೋಯಿಸಿದರೆ ದಾನವೇ ವ್ಯರ್ಥವಾಗುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿದೆ. ನೆನಪಿಸುವುದರಿಂದಲೇ ಹಂಗು ಹುಟ್ಟುತ್ತದೆ ಎಂಬ ತಿಳಿವಳಿಕೆ ಇದು. ರಂಜಾನ್ ಮುಗಿದು ಈದ್ ನಮಾಜಿಗೆ ಹೋಗುವ ಮುನ್ನವೇ ಬಡವರಿಗೆ ಫಿತ್ರಾ ದಾನ ಸಲ್ಲಿಸಬೇಕೆಂಬ ನಿಯಮದ ಹಿಂದೆಯೂ ಇಂಥದೇ ಕಾಳಜಿ ಇದೆ: ಹಬ್ಬದ ದಿನ ಯಾರೂ ಬಾಗಿಲು ಬಾಗಿಲಿಗೆ ಅಲೆಯಬಾರದು.

3. ಪಡೆಯುವವರೇ ಹಿರಿಯರು

ಎರಡನೆಯ ದಾರಿ ಇದಕ್ಕೆ ತಲೆಕೆಳಗು. ಇಲ್ಲಿ ಪಡೆಯುವವರು ಮೇಲೆ, ನೀಡುವವರು ಕೆಳಗೆ. ಥೇರವಾದ ಬೌದ್ಧ ದೇಶಗಳಲ್ಲಿ ಬೆಳಗಿನ ಪಿಂಡಪಾತಕ್ಕೆ ಹೊರಟ ಭಿಕ್ಷು ಬಾಯಿಬಿಟ್ಟು ಬೇಡುವುದಿಲ್ಲ. ಕಣ್ಣು ತಗ್ಗಿಸಿ ನಿಲ್ಲುತ್ತಾನೆ, ಇಕ್ಕಿದವರೇ ಕೈಮುಗಿಯುತ್ತಾರೆ. ಸಂಘವು ಪುಣ್ಯ ಬೆಳೆಯುವ ಕ್ಷೇತ್ರ, ಬಿತ್ತುವ ಅವಕಾಶ ಸಿಕ್ಕಿದ್ದು ಗೃಹಸ್ಥರ ಭಾಗ್ಯ ಎಂಬುದು ನಂಬಿಕೆ. ಪಡೆಯುವವರಿಗಿರುವ ಈ ಶಕ್ತಿ 2007ರಲ್ಲಿ ಮ್ಯಾನ್ಮಾರಿನಲ್ಲಿ ಲೋಕಕ್ಕೆಲ್ಲ ಕಂಡಿತು. ಭಿಕ್ಷುಗಳು ಸೇನಾಡಳಿತಕ್ಕೆ ಸೇರಿದವರ ಮುಂದೆ ಭಿಕ್ಷಾಪಾತ್ರೆಯನ್ನು ಬೋರಲು ಹಾಕಿದರು. ಅನ್ನವನ್ನು ಒಲ್ಲೆ ಎನ್ನುವುದು ಆಳುವವರಿಗೆ ಕೊಟ್ಟ ಅತಿ ಕಠಿಣ ಖಂಡನೆಯಾಯಿತು.

ಜೈನ ದಿಗಂಬರ ಮುನಿಗಳ ಆಹಾರಚರ್ಯೆಯಲ್ಲಿ ಈ ತತ್ತ್ವ ಇನ್ನೂ ಕಟ್ಟುನಿಟ್ಟು. ದಿನಕ್ಕೊಮ್ಮೆ, ನಿಂತು, ಬೊಗಸೆಯನ್ನೇ ಪಾತ್ರೆಯಾಗಿಸಿ ಉಣ್ಣುವ ಮುನಿಗಳು ಮನಸ್ಸಿನಲ್ಲಿ ಒಂದು ಸಂಕಲ್ಪವಿಟ್ಟು ಹೊರಡುತ್ತಾರೆ. ಅದು ಈಡೇರಿದ ಮನೆಯಲ್ಲಷ್ಟೇ ಆಹಾರ. ಶ್ರಾವಕರು ಮಡಿಯುಟ್ಟು ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಅನ್ನದಲ್ಲಿ ಕೂದಲು ಕಂಡರೂ ಅಂತರಾಯ. ಮುನಿಗಳು ಕೈಬಿಟ್ಟು ಹೊರಡುತ್ತಾರೆ. ಅಂದು ಮುನಿಗಳು ಉಪವಾಸ, ಇಕ್ಕಿದ ಮನೆಯವರಿಗೆ ಸಂಕಟ. ತಿರುಪೆಯವರ ಎದೆಯಲ್ಲಿರುವ ಕೊಡುತ್ತಾರೋ ಇಲ್ಲವೋ ಎಂಬ ಅಳುಕು, ಇಲ್ಲಿ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ನೀಡುವವರ ಎದೆಗೆ ದಾಟಿದೆ.

ಆದರೆ ಈ ದಾರಿಗೊಂದು ಮಿತಿಯಿದೆ. ಅದು ಕಾಯುವುದು ವಿರಕ್ತರ ಮಾನವನ್ನು. ಹೊಟ್ಟೆಗಿಲ್ಲದೆ ಬಂದ ಬಡವರಿಗೆ ಆ ಮರ್ಯಾದೆ ತಾನಾಗಿ ಸಿಗುವುದಿಲ್ಲ. ದಾನಕ್ಕೆ ಕತ್ತಲ ಮುಖವೂ ಇದೆ. ಕಾಶಿಯ ಪುರೋಹಿತರ ನಡುವೆ ಅಧ್ಯಯನ ಮಾಡಿದ ಜೊನಾಥನ್ ಪ್ಯಾರಿ, ದಾನದೊಂದಿಗೆ ದಾನಿಯ ಪಾಪವೂ ಪಡೆದವರಿಗೆ ದಾಟುತ್ತದೆ ಎಂಬ ನಂಬಿಕೆಯನ್ನು ದಾಖಲಿಸಿದ್ದಾರೆ. ಶನಿದೋಷಕ್ಕೆಂದು ಎಳ್ಳು ದಾನ ಕೊಡುವ ನಮ್ಮ ಊರುಗಳಲ್ಲಿ ಅದನ್ನು ಪಡೆಯಲು ಹಲವರು ಹಿಂಜರಿಯುವುದೂ ಇದಕ್ಕೇ. ತೈತ್ತಿರೀಯ ಉಪನಿಷತ್ತು ವಿದ್ಯೆ ಮುಗಿಸಿ ಮನೆಗೆ ಮರಳುವ ಶಿಷ್ಯನಿಗೆ, ಕೊಡುವಾಗ ಶ್ರದ್ಧೆಯಿರಲಿ, ನಾಚಿಕೆಯಿರಲಿ ಎಂದು ಹೇಳುತ್ತದೆ. ಕೊಡುವವರೇ ನಾಚಬೇಕೆಂಬ ಈ ಸೂಕ್ಷ್ಮ ಎಲ್ಲ ಕಾಲಕ್ಕೂ ಉಳಿಯಲಿಲ್ಲ. ವಾರಾನ್ನದ ಹುಡುಗರು ದಿನಕ್ಕೊಂದು ಮನೆಯ ಮೂಲೆಯಲ್ಲಿ ಕೂತು ಉಂಡು ಓದಿದ ಕಾಲದಲ್ಲಿ ಅನ್ನವೂ ಇತ್ತು, ಹಂಗೂ ಇತ್ತು.

4. ಪಂಕ್ತಿ: ಒಂದು ಪದದ ಎರಡು ಬಾಳು

ಮೂರನೆಯ ದಾರಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು. ಆದಿ ಕ್ರೈಸ್ತ ಸಭೆಗೆ ಇದು ಸುಲಭವಾಗಿರಲಿಲ್ಲ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು, ಇಲ್ಲದವರು ಹಸಿದು ಉಳಿಯುತ್ತಿದ್ದುದನ್ನು ಪೌಲನು ಪತ್ರ ಬರೆದು ಖಂಡಿಸಿದನು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಕ್ಕೆ ಬರೆದ ನಿಯಮಾವಳಿಯಲ್ಲಿ ಅಡುಗೆಮನೆಯ ಸೇವೆಯನ್ನು ವಾರದ ಸರದಿಯಲ್ಲಿ ಹಂಚಿದನು. ವಾರ ಮುಗಿಸುವವನೂ ಹೊಸದಾಗಿ ತೊಡಗುವವನೂ ಎಲ್ಲರ ಪಾದ ತೊಳೆಯಬೇಕಿತ್ತು. ಇಂದು ಬಡಿಸಿದವನು ನಾಳೆ ಕೂತು ಉಣ್ಣುತ್ತಾನೆ ಎಂದಾದಾಗ ಹಂಗಿಗೆ ನೆಲೆ ಎಲ್ಲಿ?

ಸಾಲಿಗೆ ಪೂರ್ಣ ಅರ್ಥ ಬಂದದ್ದು ಸಿಖ್ಖರ ಸಾಮೂಹಿಕ ಊಟವಾದ ಲಂಗರಿನಲ್ಲಿ. ಗುರು ನಾನಕರಿಂದ (1469–1539) ಮೊದಲಾದ ಈ ಪದ್ಧತಿಗೆ ಎರಡನೆಯ ಗುರು ಅಂಗದರ ಪತ್ನಿ ಮಾತಾ ಖೀವಿ ಗಟ್ಟಿ ನೆಲೆ ಕೊಟ್ಟರು. ಆಕೆಯ ಹೆಸರು ಗುರು ಗ್ರಂಥ ಸಾಹಿಬ್‌ನಲ್ಲಿಯೇ ಇದೆ. ಗುರುವಿನ ದರ್ಶನಕ್ಕೆ ಮುನ್ನ ಪಂಗತ್‌ನಲ್ಲಿ ಕೂತು ಉಣ್ಣಬೇಕೆಂಬ ನಿಯಮವನ್ನು ಮೂರನೆಯ ಗುರು ಅಮರದಾಸರು ಗೋಯಿಂದವಾಲದಲ್ಲಿ ತಂದರು. ಅಕ್ಬರನೂ ಹಾಗೆಯೇ ಕೂತನೆಂದು ಸಿಖ್ ಪರಂಪರೆ ಹೇಳುತ್ತದೆ. ಇಂದಿಗೂ ರೊಟ್ಟಿಯನ್ನು ಎಲ್ಲರೂ ಎರಡೂ ಕೈ ಚಾಚಿಯೇ ಪಡೆಯುತ್ತಾರೆ. ಎಲ್ಲರೂ ಕೈಯೊಡ್ಡಿದಾಗ ಕೈಯೊಡ್ಡುವುದು ಅವಮಾನವಾಗಿ ಉಳಿಯುವುದಿಲ್ಲ. ಕನ್ನಡ ನಾಡಿನವರು ಇದನ್ನು ನೋಡಲು ಅಮೃತಸರದವರೆಗೆ ಹೋಗಬೇಕಿಲ್ಲ. ಬೀದರಿನ ನಾನಕ್ ಝೀರಾದಲ್ಲಿ ಲಂಗರ್ ನಡೆಯುತ್ತದೆ.

'ಪಂಗತ್' ಎಂಬುದು ನಮ್ಮ 'ಪಂಕ್ತಿ'ಯೇ. ಅದೇ ಪದ ಇಲ್ಲಿ 'ಪಂಕ್ತಿಭೇದ'ವಾಗಿಯೂ ಬಾಳಿತು. ಒಂದೇ ದೇವರ ಪ್ರಸಾದವನ್ನು ಜಾತಿ ನೋಡಿ ಬೇರೆ ಬೇರೆ ಸಾಲಿನಲ್ಲಿ ಬಡಿಸಿದ ಚರಿತ್ರೆಯನ್ನು ಮುಚ್ಚಿಟ್ಟು ಅನ್ನದಾನದ ಹಿರಿಮೆಯನ್ನು ಹೊಗಳುವುದು ಪ್ರಾಮಾಣಿಕವಲ್ಲ. ಹಸಿವು ಹಿಂಗಿದರೂ ಎಲೆ ಹಾಕಿದ ಜಾಗ ಎದೆಯಲ್ಲಿ ಉಳಿಯುತ್ತದೆ.

5. ದಾಸೋಹ

ಈ ಹಿನ್ನೆಲೆಯಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ತೋರಿದ ನಾಲ್ಕನೆಯ ದಾರಿ ವಿಶಿಷ್ಟವಾದದ್ದು. ದಾನ ಎಂದಾಗ ದಾನಿ ಹುಟ್ಟುತ್ತಾನೆ. ದಾಸೋಹ ಎಂದಾಗ ಕೊಡುವವನು ತನ್ನನ್ನು ದಾಸನೆಂದು ಕರೆದುಕೊಳ್ಳುತ್ತಾನೆ. ಆ ಅನ್ನವೂ ಸ್ವಂತ ಕಾಯಕದಿಂದ ಬಂದಿರಬೇಕು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮ ಅದನ್ನು ತಂದಲ್ಲಿಗೇ ಸುರಿದು ಬರಲು ಕಳಿಸಿದ ಪ್ರಸಂಗ ಶರಣ ಪರಂಪರೆಯಲ್ಲಿ ಪ್ರಸಿದ್ಧ. ಇದನ್ನು ಬಡತನದ ಸರಳ ಆದರ್ಶವೆಂದು ಓದುವುದೇ ರೂಢಿ. ರೂತಳ ಹಕ್ಕಲಿನ ಪಕ್ಕದಲ್ಲಿಟ್ಟು ನೋಡಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ. ಯಹೂದಿ ವಿಧಿ ಹಕ್ಕಲಾಯುವವರನ್ನು ಹಂಗಿನಿಂದ ಬಿಡಿಸಿತು; ಲಕ್ಕಮ್ಮ ಹಕ್ಕಲಾಯುವವರನ್ನೇ ನೀಡುವವರನ್ನಾಗಿ ಮಾಡಿದಳು. ಕೂಡಿಟ್ಟದ್ದರಿಂದ ಕೊಟ್ಟರೆ ಕೊಟ್ಟವರು ದೊಡ್ಡವರಾಗುತ್ತಾರೆ. ಅಂದಂದಿನ ಕಾಯಕದಿಂದ ಕೊಟ್ಟರೆ ನೀಡುವವರೂ ಉಣ್ಣುವವರೂ ಒಂದೇ ನೆಲದ ಮೇಲಿರುತ್ತಾರೆ.

ಮಠಗಳ ಜೋಳಿಗೆಯಲ್ಲಿ ಈ ವಿವೇಕ ಮುಂದುವರಿಯಿತು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು (1907–2019) ಹಳ್ಳಿಹಳ್ಳಿ ತಿರುಗಿ ಬೇಡಿ ತಂದು, ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡಿದರು. ಬಡಿಸುವವರೇ ಮೊದಲು ಬೇಡಿದವರಾದ್ದರಿಂದ ಉಂಡ ಮಕ್ಕಳು ತಲೆತಗ್ಗಿಸಬೇಕಾಗಿರಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರೂತ್, ಖೀವಿ, ಲಕ್ಕಮ್ಮ ಈ ಮೂವರ ಹೆಸರು ಉಳಿದದ್ದು ಅಪವಾದ. ಎಲ್ಲ ಧರ್ಮಗಳಲ್ಲೂ ಅನ್ನದ ಆಚರಣೆಯನ್ನು ದಿನವೂ ನಡೆಸಿಕೊಂಡು ಬಂದವರು ಹೆಂಗಸರು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿಯ ಎಲೆಯನ್ನು ಪಂಕ್ತಿಯಲ್ಲಿ ಎಲ್ಲಿ ಹಾಕಬೇಕೆಂಬುದನ್ನು ಯಾವ ಧರ್ಮವೂ ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲ.

6. ಉಪಸಂಹಾರ

ಹಕ್ಕಾಗಿಸುವುದು, ಪಡೆಯುವವರನ್ನು ಮೇಲೇರಿಸುವುದು, ಸಾಲನ್ನು ಸಮ ಮಾಡುವುದು, ನೀಡುವವರನ್ನು ದಾಸರಾಗಿಸುವುದು: ಹಂಗನ್ನು ಕಳೆಯಲು ಧರ್ಮಗಳು ಕಂಡುಕೊಂಡ ನಾಲ್ಕು ದಾರಿಗಳು ಇವು. ಇವುಗಳಲ್ಲಿ ಯಾವುದೂ ಒಂದೇ ಧರ್ಮದ ಸೊತ್ತಲ್ಲ, ಯಾವುದೂ ದೋಷದಿಂದ ಪೂರ್ತಿ ಮುಕ್ತವೂ ಅಲ್ಲ. ನಂಬಿಕೆಯ ನಿಜವನ್ನು ಅಳೆಯಲು ಇಕ್ಕಿದ ಅನ್ನದ ಪ್ರಮಾಣ ಸಾಲದು. ಉಂಡು ಎದ್ದವರ ಮುಖವನ್ನು ನೋಡಬೇಕು.

ಈ ವಿವೇಕ ಧರ್ಮದ ಅಂಗಳವನ್ನು ದಾಟಿಯೂ ಹೋಗಿದೆ. ಶಾಲೆಗಳಲ್ಲಿ ಬೇಯಿಸಿದ ಊಟ ನೀಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆದೇಶಿಸಿತು. ಮರುವರ್ಷ ಕರ್ನಾಟಕದಲ್ಲಿ ಆರಂಭವಾದ ಬಿಸಿಯೂಟ ಯೋಜನೆಗೆ ಇಟ್ಟ ಹೆಸರು 'ಅಕ್ಷರ ದಾಸೋಹ'. 2013ರ ಆಹಾರ ಭದ್ರತಾ ಕಾಯ್ದೆ ಆ ಊಟವನ್ನು ಕಾನೂನಿನ ಹಕ್ಕಾಗಿಸಿತು. ಶರಣರ ದಾಸೋಹವೆಂಬ ಮಾತೂ, ಹೊಲದ ಮೂಲೆಯನ್ನು ಬಡವರ ಹಕ್ಕೆಂದ ತತ್ತ್ವವೂ ಸರ್ಕಾರಿ ಶಾಲೆಯ ಜಗಲಿಯ ಮೇಲೆ ಕೂಡಿವೆ. ಅಲ್ಲಿ ಸಾಲಾಗಿ ಕೂತ ಮಗು ತಟ್ಟೆ ಮುಂದೆ ಚಾಚಿ, ಇನ್ನೊಂದು ಸೌಟು ಸಾರು ಬೇಕೆಂದು ಅಳುಕದೆ ಕೇಳುವ ಶಾಲೆಯಲ್ಲಿ ಆ ಹೆಸರು ಸಾರ್ಥಕವಾಗುತ್ತದೆ.