ಹಳೇ ಬೈಕ್ ಕೈಕೊಟ್ಟರೆ ಯಾರನ್ನು ಕೇಳೋದು?

"ಎಂಜಿನ್ ಚೊಲೋ ಐತ್ರೀ, ಏನೂ ಚಿಂತಿ ಮಾಡಬ್ಯಾಡ್ರಿ." ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲೇ ಆಗಲಿ, ಸೆಕೆಂಡ್ ಹ್ಯಾಂಡ್ ಬೈಕಿನ ವಾರಂಟಿ ಅಂದರೆ ಬಹಳ ಸಲ ಇಷ್ಟೇ. ಕಾಲೇಜಿಗೋ ಕೆಲಸಕ್ಕೋ ಅಂತ ಸಾಲ ಮಾಡಿ ತಂದ ಗಾಡಿ ಹದಿನೈದು ದಿನಕ್ಕೆ ಹೊಗೆ ಉಗುಳಿದರೆ ಆ ಮಾತಿಗೆ ಬೆಲೆ ಇದೆಯೇ? ಯಾರಿಂದ ಕೊಂಡಿರಿ, ಏನು ಬರೆಸಿಕೊಂಡಿರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಮಾರಿದವರು ಯಾರು?
ವ್ಯಾಪಾರಿಯಾದರೆ ನೀವು ಗ್ರಾಹಕರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಳೇ ಸರಕನ್ನು ಹೊರಗಿಟ್ಟಿಲ್ಲ. ಹಾಗಂತ ಸಹಜ ಸವಕಳಿ ದೋಷವಲ್ಲ. ಮೀಟರ್ ತಿರುಗಿಸಿದ್ದು, ದೋಷ ಮುಚ್ಚಿಟ್ಟದ್ದು, ಕೊಟ್ಟ ಭರವಸೆ ಮುರಿದದ್ದು ದೂರಿಗೆ ಕಾರಣ. ಪರಿಚಯದವರಿಂದ ಕೊಂಡಿದ್ದರೆ ಗ್ರಾಹಕ ಆಯೋಗ ನೆರವಿಗೆ ಬರುವುದು ಕಷ್ಟ. ಉಳಿಯೋದು ಸಿವಿಲ್ ಕೋರ್ಟು. ಅಲ್ಲಿ 1930ರ ಸರಕು ಮಾರಾಟ ಕಾಯ್ದೆಯ ಮೂಲ ನಿಯಮ, ನೋಡಿ ಕೊಳ್ಳುವ ಹೊಣೆ ಕೊಳ್ಳುವವರದೇ. ಬರೆದುಕೊಟ್ಟ ಮಾತೇ ನಿಮ್ಮ ಬಲ.

ಕಂಪನಿ ವಾರಂಟಿ ಉಳಿದಿದೆಯೇ?
ಅವಧಿ, ಕಿಲೋಮೀಟರ್ ಎರಡನ್ನೂ ವಾರಂಟಿ ಪುಸ್ತಕದಲ್ಲಿ ನೋಡಿ. ಸರ್ವಿಸ್ ತಪ್ಪಿಸಿದ್ದರೆ ಕಂಪನಿ ನಿರಾಕರಿಸಬಹುದು. ಕ್ಲಚ್ ಪ್ಲೇಟ್, ಬ್ರೇಕ್ ಶೂನಂಥ ಸವೆಯುವ ಭಾಗಗಳು ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ.

ಕಾಗದ
ನೋಂದಣಿ ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ವಿಮೆಯ ಹೆಸರು ಬದಲಾವಣೆಗೂ 14 ದಿನದಲ್ಲಿ ಅರ್ಜಿ ಹಾಕಿ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ವ್ಯಾಪಾರಿಗಳಿಗೆ ಆರ್‌ಟಿಒ ಅಧಿಕಾರ ಪತ್ರದ ನಿಯಮ ಬಂದಿದೆ. ಅದನ್ನು ತೋರಿಸಿ ಅಂತ ಕೇಳಿ.

ಕೆಟ್ಟ ದಿನ
1. ಎಂಜಿನ್ ಬಿಚ್ಚಿಸುವ ಮೊದಲು ಫೋಟೊ, ವಿಡಿಯೊ, ಮೀಟರ್ ರೀಡಿಂಗ್ ಇಟ್ಟುಕೊಳ್ಳಿ.
2. ಏನು ಕೆಟ್ಟಿದೆ, ಯಾಕೆ ಅಂತ ಮೆಕ್ಯಾನಿಕ್ ಕಡೆಯಿಂದ ಬರೆಸಿಕೊಳ್ಳಿ. ತೆಗೆದ ಪಾರ್ಟ್ ಎಸೆಯಬೇಡಿ.
3. ಮಾರಿದವರಿಗೆ ಫೋನಿನ ಬದಲು ಬರಹದಲ್ಲೇ ತಿಳಿಸಿ, ಉತ್ತರಕ್ಕೆ ದಿನ ಗೊತ್ತುಮಾಡಿ.
4. ವ್ಯಾಪಾರಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.
5. ಆಮೇಲೆ ಗದಗ ಜಿಲ್ಲಾ ಗ್ರಾಹಕ ಆಯೋಗ. ಗಡುವು 2 ವರ್ಷ. ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ಆನ್‌ಲೈನಲ್ಲೂ ದೂರು ಕೊಡಬಹುದು. ವ್ಯಾಪಾರಿ ಹುಬ್ಬಳ್ಳಿಯವನಾದರೂ ನೀವು ಮುಂಡರಗಿಯಲ್ಲಿ ಇದ್ದೀರಿ ಎಂದರೆ ದೂರು ಗದಗದಲ್ಲೇ ಹಾಕಬಹುದು.

ಹೊಸ ಗಾಡಿ ಕೊಳ್ಳುವವರಿಗೆ ವಾರಂಟಿ ಪುಸ್ತಕ, ದುಡ್ಡು ಕಡಿಮೆ ಇದ್ದವರಿಗೆ ಬಾಯಿಮಾತು: ಈ ಅಂತರ ಮಾರುಕಟ್ಟೆಯ ಸಹಜ ಗುಣವಲ್ಲ, ನಿಯಮ ಇದ್ದೂ ಯಾರೂ ಕೇಳದೇ ಇರುವುದರ ಫಲ. ಮುಂದಿನ ಸಲ ದುಡ್ಡು ಎಣಿಸುವ ಮೊದಲು ಚಾಸಿ ನಂಬರ್, ಮೀಟರ್ ರೀಡಿಂಗ್, ಎಷ್ಟು ದಿನ ಯಾವ ರಿಪೇರಿ ಯಾರ ಖರ್ಚು, ಇಷ್ಟನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ.